ಮೈಸೂರಿಗೆ ಹೋಗಿಬಂದ ಚಕ್ಕುಲಿ ಡಬ್ಬಿ

ಸೀಸೆ ಒಡೆಯಬಹುದಿತ್ತು. ಬಿರಡೆ ಕಳಚಿ ಕಫವೆಲ್ಲ, ಡಬ್ಬಿಯೊಳಗೆ ಸೀಸೆಯ ಸುತ್ತ ತುಂಬಿದ ಭತ್ತದ ಹೊಟ್ಟಿಗೆ ಇಳಿಯಬಹುದಿತ್ತು. ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು ಹುಣಸೂರು ದಾಟಿ ಕೆಟ್ಟು ನಿಂತು, ಬಿಸಿಲಿಗೆ ಕಫ ಹಳಸಬಹುದಿತ್ತು. ಪಕ್ಕದವನು ಡಬ್ಬಿಯ ಮುಚ್ಚಳ ತೆಗೆದು ಏನು ತಿಂಡಿ ಎಂದು ಕೈ ಹಾಕಬಹುದಿತ್ತು. ಕಫ ಪರೀಕ್ಷಿಸುವ ಮೈಸೂರಿನ ಲ್ಯಾಬೊರೇಟರಿಯವರು ಚೀಟಿ ಅದಲುಬದಲು ಮಾಡಿ ಇನ್ಯಾರದೋ ಕ್ಷಯವನ್ನು ನಮ್ಮೂರಿಗೆ ಕಳಿಸಬಹುದಿತ್ತು. ಪಿರಿಯಾಪಟ್ಟಣದ ಆಸ್ಪತ್ರೆಯ ಕಾಂಪೌಂಡರನಾದ ನಾನು ಬಸ್ಸು ಹತ್ತುವ ಮೊದಲೇ ಇವಿಷ್ಟನ್ನೂ ಅನುಭವಿಸಿ ಮುಗಿಸಿದ್ದೆ.

ಆ ಕಫ, ಬಸ್ಸು ನಿಲ್ಲುವ ಜಾಗದ ಎದುರುಮನೆಯ ಸೊಸೆಯದು. ಹೆರಿಗೆಯಾದಾಗಿನಿಂದ ಕೆಮ್ಮು. ಕ್ಷಯವಲ್ಲ ಎಂದು ಗೊತ್ತಾಗುವವರೆಗೆ ಮಗುವನ್ನು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಅವಳು ಹಿಂದಿನ ಕೋಣೆಯಲ್ಲಿ, ಮಗು ಪಡಸಾಲೆಯಲ್ಲಿ ಅಜ್ಜಿಯ ತೊಡೆಯ ಮೇಲೆ. ಮಗು ಅತ್ತರೆ ಅಲ್ಲಿ ಅವಳೂ ಅಳುತ್ತಿದ್ದಳು.

ಅಜ್ಜಿ ಬಸ್ಸಿನವರೆಗೂ ಬಂದು, "ಚೆಲ್ಬುಟ್ಟೀಯ ಕಣಪ್ಪ, ಉಸಾರು!" ಎಂದರು. ನಾನು ಡಬ್ಬಿಯನ್ನು ಎದೆಗವಚಿಕೊಂಡೆ. ಅದು ನನ್ನ ಹೆಂಡತಿಯ ಚಕ್ಕುಲಿ ಡಬ್ಬಿ. ಆಸ್ಪತ್ರೆ ಸಾಮಾನಿಗೆ ಬೇಕೆಂದಿದ್ದೆ. ಮಾತ್ರೆಗಳಿಗೆ ಅಂದುಕೊಂಡು ಕೊಟ್ಟಿದ್ದಳು.

"ಮ್ಯಾಲಕ್ ಆಕಿ ಸ್ವಾಮಿ, ಜಾಗ ಇಲ್ಲ," ಎಂದ ಕಂಡಕ್ಟರು.

"ಬೇಡಪ್ಪ, ಕೈಲೇ ಇರಲಿ."

"ಎಂಡ್ರನ್ನೂ ಇಂಗೆ ತಬ್ಕಂಡು ಕೂತೋರ್ನ ನಾ ಕಾಣೆ!"

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ, ನಕ್ಕರೆ ಡಬ್ಬಿ ಅಲುಗುತ್ತದಲ್ಲ.

ಬಸ್ಸು ಕೆಡಲಿಲ್ಲ, ಸೀಸೆ ಒಡೆಯಲಿಲ್ಲ. ಲ್ಯಾಬೊರೇಟರಿಯವರು ಸೀಸೆ ಇಟ್ಟುಕೊಂಡು ಡಬ್ಬಿ ವಾಪಸು ಕೊಟ್ಟರು. ಮಧ್ಯಾಹ್ನದವರೆಗೆ ಬೆಂಚಿನ ತುದಿಯಲ್ಲಿ ಕೂತು ಕಾದೆ. ಕೊನೆಗೆ, ಕ್ಷಯದ ಸುಳಿವಿಲ್ಲ ಎಂದರು.

ಸಂಜೆ ಇಳಿದವನೇ ಎದುರುಮನೆಗೆ ನುಗ್ಗಿದೆ. ನನ್ನ ಮಾತು ಮುಗಿಯುವ ಮೊದಲೇ ಅಜ್ಜಿ ಮಗುವನ್ನು ಸೊಸೆಯ ಮಡಿಲಿಗೆ ಹಾಕಿ, "ತಕ್ಕೊ ಕಣವ್ವ ನಿನ್ ಕೂಸ. ನನ್ ತೊಡೆ ಜೋಮಿಡ್ದೈತೆ," ಎಂದರು. ಅವಳು ಮಗುವಿನ ನೆತ್ತಿಗೆ ಇಟ್ಟ ಮುಖವನ್ನು ಮೇಲೆತ್ತಲೇ ಇಲ್ಲ. ಕಣ್ಣೊರೆಸಿಕೊಂಡು ಮನೆಗೆ ಬಂದೆ. ದಿನವೆಲ್ಲ ಕೈಬಿಡದ ಡಬ್ಬಿ ಅವರ ಜಗುಲಿಯಲ್ಲೇ ಉಳಿಯಿತು.

ನಮ್ಮ ಕಡೆ ಯಾರೂ ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಅಷ್ಟುದ್ದದ ಯೋಚನೆಯಲ್ಲಿ ಇದೊಂದು ನನಗೆ ಹೊಳೆದಿರಲಿಲ್ಲ. ಮಾರನೆಯ ಬೆಳಿಗ್ಗೆ ಅಜ್ಜಿ ಅದರ ತುಂಬ ಎಳ್ಳುಂಡೆ ತಂದು ನನ್ನ ಹೆಂಡತಿಯ ಕೈಗಿಟ್ಟರು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದು ತಲೆದೂಗುತ್ತಿದ್ದಾಗ ಅಜ್ಜಿ ಹೇಳಿದರು:

"ನಿನ್ ಡಬ್ಬಿ ಪುಣ್ಯ ಕಣವ್ವ. ನನ್ ಸೊಸೆ ಉಗುಳ್ನ ಒಂದ್ ತೊಟ್ಟೂ ಚೆಲ್ದಂಗೆ ಮೈಸೂರ್ಗಂಟ ಒತ್ಕಂಡೋಯ್ತು!"