ನೀರು ಮುಕ್ಕಳಿಸುತ್ತಿದ್ದ ಜವರಣ್ಣ

ನಮ್ಮ ಹಳ್ಳಕ್ಕೆ ಮೀನು ಬಂದಿದೆ! ಬೆಳಿಗ್ಗೆ ಎಮ್ಮೆ ಮೈ ತೊಳೆಯಲು ಹೋದ ಮೊಮ್ಮಗಳು ಪುಟ್ಟತಾಯಿ, ಎಮ್ಮೆಯನ್ನು ನೀರಲ್ಲೇ ಬಿಟ್ಟು ಓಡಿಬಂದಳು. "ತಾತ, ನೀರೊಳಗೆ ಏನೋ ಮಿಂಚ್ತಾ ಅವೆ!" ಎಂಟು ವರ್ಷದ ಮಗು, ಹಳ್ಳದಲ್ಲಿ ಮೀನು ಕಂಡವಳೇ ಅಲ್ಲ. ಹೋಗಿ ನೋಡಿದೆ. ಗೆಂಡೆ ಮರಿಗಳು, ಬೆರಳುದ್ದದವು, ಹಿಂಡುಹಿಂಡು! ಈ ಮುದಿ ಕಾಲಲ್ಲೇ ಕುಣಿದುಬಿಟ್ಟೆ. ಆಮೇಲೆ ಯಾರಿಗೆ ಹೇಳಲಿ ಎಂದು ಸುತ್ತ ನೋಡಿದೆ. ಹೇಳಬೇಕಾಗಿದ್ದುದು ಒಬ್ಬರಿಗೇ, ಬೆಸ್ತರ ಜವರಣ್ಣನಿಗೆ. ಅವರಿಲ್ಲ.

ಜವರಣ್ಣ ನನಗಿಂತ ಹತ್ತು ವರ್ಷ ದೊಡ್ಡವರು. ದಿನಾ ಹಳ್ಳಕ್ಕಿಳಿದು, ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮುಕ್ಕಳಿಸುವರು. ಉಗಿದು, "ಮ್ಯಾಲೆ ಮಳೆ ಬಿದ್ದದೆ ಕಣ್ಲಾ ಮಾದೇವ, ಇವತ್ತು ಕೊರವ ಮೀನು ಬತ್ತದೆ" ಎನ್ನುವರು. ಮೀನು ಹಿಡಿಯಲು ಬಿದಿರಲ್ಲಿ ಹೆಣೆದ ಕೂಳಿಯನ್ನು ಆ ಲೆಕ್ಕದಲ್ಲೇ ಹರಿವಿಗೆ ಒಡ್ಡುವರು. ಮೀನು ಬೀಳದ ದಿನ, "ಎಲೆಅಡ್ಕೆ ಜಾಸ್ತಿ ಆಯ್ತು, ನಾಲ್ಗೆ ಕೆಟ್ಟದೆ" ಎಂದು ನಾಲಿಗೆಯನ್ನೇ ಬೈಯುವರು. ಬಸುರಿ ಮೀನು ಸಿಕ್ಕರೆ, "ಓಗವ್ವ, ತವ್ರಿಗೋಗಿ ಹೆತ್ಕೊಂಡು ಬಾ" ಎಂದು ನೀರಿಗೆ ಬಿಡುವರು.

ಅಂಥ ಹಳ್ಳದ ಮೇಲಿನ ಗುಡ್ಡದಲ್ಲಿ ಕರಿ ಅದಿರಿನ ಗಣಿ ತೆರೆದರು. ಅಗೆದ ಕಲ್ಲನ್ನು ಕುಟ್ಟಿ ಹಳ್ಳದಲ್ಲೇ ತೊಳೆಯುವುದು. ಸೊಂಟಮಟ್ಟ ನೀರಲ್ಲಿ ಮಂಕರಿ ಹಿಡಿದು ತೊಳೆಯುತ್ತಿದ್ದವರಲ್ಲಿ ನಾನೂ ಒಬ್ಬ. ಕೆಳಗೆ ನೀರು ಮಸಿ ಕಲಸಿದ ಹಾಗೆ ಹರಿಯಿತು. ಮೀನು ಮೊಟ್ಟೆಯಿಡುವ ಮರಳೆಲ್ಲ ಕಪ್ಪು ಕೆಸರಲ್ಲಿ ಮುಚ್ಚಿಹೋಯಿತು. ಆಮೇಲೆ ಮೀನುಗಳೇ ಬಾಯಿ ತೆರೆದುಕೊಂಡು ತೇಲಿದವು.

ಜವರಣ್ಣ ಸತ್ತ ಗೆಂಡೆಗಳನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಗಣಿಗೆ ಬಂದರು. ಮೇಲ್ವಿಚಾರಕರ ಮುಂದೆ ಬಿಚ್ಚಿ, ಒಂದರ ಕಿವಿರು ಎತ್ತಿ ತೋರಿಸಿದರು.

"ನೋಡಿ ಸ್ವಾಮಿ, ಒಳಗೆಲ್ಲ ಮಸಿ ಮೆತ್ಕೊಂಡದೆ. ಉಸ್ರು ಕಟ್ಟಿ ಸತ್ತವೆ."

ಮೇಲ್ವಿಚಾರಕರು ಮೂಗು ಮುಚ್ಚಿಕೊಂಡು ನಕ್ಕರು. "ಬಿಸಿಲಿಗೆ ಸತ್ತಿರಬೇಕು ಕಣಯ್ಯ."

ಜವರಣ್ಣ ನನ್ನ ಕಡೆ ತಿರುಗಿದರು. "ನೀನೇ ಏಳ್ಲಾ ಮಾದೇವ. ದಿನಾ ನೀರೊಳಗೆ ನಿಲ್ಲೋನು ನೀನು."

ಮಂಕರಿ ನನ್ನ ಕೈಯಲ್ಲೇ ಇತ್ತು. "ನಂಗೇನ್ ಗೊತ್ತಣ್ಣ" ಅಂದುಬಿಟ್ಟೆ.

ಅವರು ಮೀನನ್ನು ಮತ್ತೆ ಎಲೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಇಳಿದುಹೋದರು. ವಾರದೊಳಗೆ ಊರು ಬಿಟ್ಟು ಚುಂಚನಕಟ್ಟೆಯ ತಂಗಿ ಮನೆ ಸೇರಿದರು.

ಕ್ಷಮೆ ಕೇಳಬೇಕೆಂದು ಒಂದು ಸಲ ಅಲ್ಲಿಗೆ ಹೋದೆ. ಕಾವೇರಿ ದಡದಲ್ಲಿ ಒಬ್ಬರೇ ಕೂತಿದ್ದರು. ಅಷ್ಟು ನೀರು ಎದುರಿಗೆ ಹರಿಯುತ್ತಿದ್ದರೂ ಒಂದು ಹನಿ ಬಾಯಿಗೆ ಹಾಕಲಿಲ್ಲ.

"ಈ ನೀರಿನ ಮಾತು ನಂಗೆ ತಿಳಿಯಾಕಿಲ್ಲ ಕಣ್ಲಾ. ನಮ್ಮಳ್ಳ ಎಂಗದೆ?"

"ಅಂಗೇ ಅದೆ ಅಣ್ಣ."

ಕ್ಷಮೆ ಕೇಳದೆ, ಒಯ್ದಿದ್ದ ಬೆಲ್ಲದ ಪೊಟ್ಟಣ ಕೊಟ್ಟು ವಾಪಸು ಬಂದೆ. ಮುಂದಿನ ಬೇಸಗೆಯಲ್ಲಿ ಅವರು ತೀರಿಕೊಂಡರೆಂದು ಸುದ್ದಿ ಬಂತು.

ಅದಿರು ತೀರಿ ಗಣಿ ಮುಚ್ಚಿ ಎಷ್ಟೋ ಮಳೆಗಾಲ ಆಯಿತು. ಕೆಸರು ವರ್ಷವರ್ಷವೂ ಒಂದಿಷ್ಟು ಕೊಚ್ಚಿಹೋಗಿ ಕೊನೆಗೂ ಮರಳು ಕಂಡಿದೆ.

ಸಂಜೆ ಎಲ್ಲರೂ ಊಟಕ್ಕೆ ಕೂತೆವು. "ಅಪ್ಪ ಬೆಳಿಗ್ಗಿಂದ ಮೀನು ಮೀನು ಅಂತಾವ್ರೆ, ಸಾರು ನೋಡುದ್ರೆ ಉಳ್ಳಿಕಾಳ್ದು" ಎಂದು ಮಗ ನಗಿಸಿದ. ನಾನೂ ನಕ್ಕೆ. ನಗುತ್ತಲೇ, ಯಾರಿಗೂ ಹೇಳದಿದ್ದ ಆ ಮಾತನ್ನು ಹೇಳಿಬಿಟ್ಟೆ. ಗಣಿಯಲ್ಲಿ ಜವರಣ್ಣ ಕೇಳಿದ್ದು, ನಾನು ಗೊತ್ತಿಲ್ಲ ಅಂದದ್ದು.

ಹೆಂಡತಿ ಮುದ್ದೆ ಮುರಿಯುತ್ತ, "ಗೊತ್ತದೆ ಬುಡಿ" ಎಂದಳು. "ಊರು ಬುಡೋ ದಿನ ನಂಗೇಳಿದ್ರು. 'ಅವ್ನ ಬೈಬ್ಯಾಡ ಕಣವ್ವ, ಮಕ್ಳು ಸಣ್ಣವು' ಅಂದ್ರು."

"ಮತ್ತೆ ಇಷ್ಟು ವರ್ಷ ನಂಗ್ಯಾಕೇಳ್ಲಿಲ್ಲ?"

"ನೀವೇ ಏಳ್ತೀರ ಅಂತ ಕಾಯ್ತಿದ್ದೆ."

ಸೊಸೆ ಎದ್ದು ಎಲ್ಲರ ತಟ್ಟೆಗೂ ಬಿಸಿ ಸಾರು ಬಿಟ್ಟಳು. ಎಲ್ಲರೂ ಒಟ್ಟಿಗೆ ಉಂಡೆವು.