ಲಗ್ನಪತ್ರಿಕೆಯ ನಾಲ್ಕು ಅಂಚು

ಲಗ್ನಪತ್ರಿಕೆಯ ಅಂಚು ಕತ್ತರಿಸಿದವಳು ನಾನು. ಸುಬ್ಬಣ್ಣ ಅಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಈಗ ಬರೆಯುತ್ತಿದ್ದೇನೆ. ಬರೆಯಲು ಕಲಿಸಿದವರೂ ಅವರೇ.

ಕೊಪ್ಪದಲ್ಲಿ ನಮ್ಮ ಮಾವನವರದು ಸಣ್ಣ ಅಚ್ಚುಕೂಟ. ಸುಬ್ಬಣ್ಣ ಅಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುವವರು. ಯುದ್ಧದ ಕಾಲ, ಕಾಗದ ಸಿಗುವುದೇ ಕಷ್ಟ. ಆದರೂ ಆ ಮನುಷ್ಯ ಪತ್ರಿಕೆಯ ನಾಲ್ಕೂ ಕಡೆ ಎರಡು ಬೆರಳಗಲ ಖಾಲಿ ಬಿಡುತ್ತಿದ್ದರು. ವಧೂವರರ ಹೆಸರು, ಮುಹೂರ್ತ ಮಾತ್ರ ದಪ್ಪ ಅಕ್ಷರ, ಉಳಿದದ್ದೆಲ್ಲ ಸಣ್ಣದು. ಮಾವ ರೇಗುವರು.

“ಎಂತಕ್ಕೆ ಮಾರಾಯ ಇಷ್ಟು ಜಾಗ ದಂಡ? ಸುತ್ತ ಹೂಬಳ್ಳಿ ಹಾಕು.”

“ಬಾಳೆಲೆ ತುದಿವರೆಗೂ ಬಡಿಸ್ತಾರಾ ಅಯ್ಯ? ಸಾರು ಉಣ್ಣುವವನ ಮಡಿಲಿಗೇ ಬೀಳ್ತದೆ.”

ನಾನು ಆ ಮನೆಯ ಸೊಸೆ, ಆಗ ಹದಿನೇಳು. ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಬರೆಯುವ ಹುಚ್ಚು ಬಿಟ್ಟಿರಲಿಲ್ಲ. ಒಂದು ಚೂರು ಕಾಗದವಿಲ್ಲ. ಕಮ್ಮರಡಿ ಊರಿನವರೊಬ್ಬರ ಮದುವೆ ಪತ್ರಿಕೆ ಅಚ್ಚಾಗಿ, ಒಣಗಿ ಕಟ್ಟಾಗಿ ಕೂತಿತ್ತು. ಎಲ್ಲರೂ ಊಟಕ್ಕೆ ಹೋದಾಗ — ಖಾಲಿ ಜಾಗ ಯಾರಿಗೆ ಬೇಕು ಅಂದುಕೊಂಡು — ಕಾಗದ ಕತ್ತರಿಸುವ ಕತ್ತಿಯಿಂದ ನಾಲ್ಕೂ ಅಂಚು ತೆಗೆದೆ. ಬಿಳಿ ಪಟ್ಟಿಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ.

ಮಾವ ಕಟ್ಟು ಬಿಚ್ಚಿ ನೋಡದೆ ಕಳಿಸಿದರು. ಮೂರನೇ ದಿನ ಮದುವೆ ಮನೆಯ ಯಜಮಾನರು ಅದನ್ನು ತಂದು ಮೇಜಿನ ಮೇಲೆ ಎಸೆದರು.

“ಅರಿಶಿನ ಹಚ್ಚಲಿಕ್ಕೆ ಮೂಲೆ ಎಲ್ಲಿದೆ? ಹಚ್ಚಿದ್ರೆ ಮುಹೂರ್ತವೇ ಮುಚ್ಚಿಹೋಗ್ತದೆ. ಮದುವೆಗೆ ಜನ ಬರಬೇಕೋ ಬೇಡ್ವೋ?”

ಮತ್ತೆ ಅಚ್ಚು ಹಾಕಲು ಕಾಗದವಿಲ್ಲ. ಸುಬ್ಬಣ್ಣ ಕಟ್ಟನ್ನು ತಿರುಗಿಸಿ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

“ನನ್ನ ಅಳತೆ ತಪ್ಪಿತು ಅಯ್ಯ.”

ಅಷ್ಟೇ. ನಾನು — ಒಳಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ಬಿಗಿ ಮಾಡಿದೆ.

ಆವತ್ತಿನಿಂದ ಮಾವ ಅವರಿಗೆ ಮೊಳೆ ಮುಟ್ಟಲು ಬಿಡಲಿಲ್ಲ. ಯಂತ್ರದ ಹಿಡಿ ತಿರುಗಿಸಲು ಹಾಕಿದರು. ಸುಬ್ಬಣ್ಣ ನನ್ನ ಮೇಲೆ ಸಿಟ್ಟು ಮಾಡಬಹುದಿತ್ತು, ಮಾಡಲಿಲ್ಲ. ಒಂದು ಮಧ್ಯಾಹ್ನ, “ತಂಗೀ, ಆ ಪಟ್ಟಿ ತಾ, ಹೊಲಿದು ಪುಸ್ತಕ ಮಾಡಿ ಕೊಡ್ತೇನೆ” ಅಂದರು. ಅದರಲ್ಲೇ ಅವರಿಂದ ಬರೆಯಲು ಕಲಿತೆ, ಜೋಡಿಸಲೂ ಕಲಿತೆ — ಯಾವುದು ದಪ್ಪಗಿರಬೇಕು, ಯಾವುದು ಸಣ್ಣಗೆ, ಕಣ್ಣು ಮೊದಲು ಎಲ್ಲಿ ಹೋಗಿ ನಿಲ್ಲಬೇಕು. ನನಗೆ ಅನ್ನ ಕೊಟ್ಟ ವಿದ್ಯೆ ಅದು. ಅವರನ್ನು ನೆನೆಯದ ದಿನವಿಲ್ಲ.

ಅವರು ನರಸಿಂಹರಾಜಪುರಕ್ಕೆ ಹೋದ ಮೇಲೆ ಅವರ ಕೆಲಸಕ್ಕೆ ನಾನೇ ಕೂತೆ. ಚೆನ್ನಾಗಿ ಜೋಡಿಸುತ್ತಾಳೆ ಅಂತ ಜನ ಹೊಗಳಿದರು. ಹೊಗಳಿಸಿಕೊಂಡೆ. “ಸುಬ್ಬಣ್ಣನಿಗೆ ಅಳತೆಯೇ ಗೊತ್ತಿರಲಿಲ್ಲ” ಅಂತ ಮಾವ ಕೊನೆಯವರೆಗೂ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಸುಬ್ಬಣ್ಣ ಈಗಿಲ್ಲ. ಅವರ ಮಗಳು ಶೃಂಗೇರಿಯಲ್ಲಿದ್ದಾಳೆ, ಅಪ್ಪ ಕೆಲಸ ಕೆಡಿಸಿ ಕೊಪ್ಪ ಬಿಟ್ಟವರು ಅಂತಲೇ ತಿಳಿದಿದ್ದಾಳೆ. ಇದು ಅಚ್ಚಾಗಿ ಓದುವ ನಿಮ್ಮ ಕೈಗೆ ಬರುವ ಮೊದಲು ಬಸ್ಸು ಹತ್ತಿ ಹೋಗಿ, ಅವಳ ಎದುರು ಕೂತು, ನಾನೇ ಓದಿ ಹೇಳುತ್ತೇನೆ.