ಕುಂಕುಮ ಹತ್ತಿದ ಚೆಂಡು

ಶನಿವಾರ ಬೆಳಿಗ್ಗೆ ದುಬೈನ ಮಿರ್ದಿಫ್‌ನ ಮನೆಯಿಂದ ನಾನೂ ಮಗಳೂ ಹೊರಡುವಾಗ ಹೆಂಡತಿ ಸುಧಾ ಅವಳ ಹಣೆಗೆ ಕುಂಕುಮ ಇಟ್ಟು, "ಒಳ್ಳೇದಾಗ್ಲಿ ಪುಟ್ಟಿ" ಎಂದಳು. ಹದಿಮೂರರ ನಿಧಿಯ ಚೀಲದಲ್ಲಿ ಬಟ್ಟೆ ಸುತ್ತಿದ ಬೇಸ್‌ಬಾಲ್ ಚೆಂಡಿತ್ತು. ದುಬೈನಲ್ಲಿ ಆ ಆಟದ ಮೊದಲ ದೊಡ್ಡ ಪಂದ್ಯ ನಡೆದ ದಿನ, ಮೊದಲ ಹೋಮ್ ರನ್ನಿನ ಚೆಂಡು ಗ್ಯಾಲರಿಗೆ ಹಾರಿ ಬಂದಾಗ ಹಿಡಿದವಳು ಇವಳೇ. ಅಬುಧಾಬಿಯ ಸಂಗ್ರಾಹಕರೊಬ್ಬರು ಆ ಪಂದ್ಯದ ವಸ್ತುಗಳ ಪ್ರದರ್ಶನ ಇಡುತ್ತಿದ್ದರು. ಚೆಂಡು ಒಪ್ಪಿಗೆಯಾದರೆ ಅದರ ಕೆಳಗೆ ನಿಧಿಯ ಹೆಸರು ಹಾಕುತ್ತೇವೆ ಎಂದಿದ್ದರು. ಅಂದಿನಿಂದ ಮಗುವಿನ ಕಾಲು ನೆಲದ ಮೇಲಿರಲಿಲ್ಲ.

ಬಸ್ಸಿಗೆ ತಲಾ ಇಪ್ಪತ್ತೈದು ದಿರ್ಹಮ್, ಸುಮಾರು ಎರಡು ಗಂಟೆಯ ದಾರಿ. ದಸರಾ ಮುಗಿದಿದ್ದರೂ ಬಿಸಿಲು ಇಳಿದಿರಲಿಲ್ಲ. ಅಬುಧಾಬಿ ನಿಲ್ದಾಣದಲ್ಲಿ ಚಿತ್ರಾನ್ನದ ಡಬ್ಬಿ ತೆರೆದರೆ ನಿಧಿ ಮುಟ್ಟಲಿಲ್ಲ. "ಅಪ್ಪಾ, ವಿಲ್ ದೇ ಸ್ಪೆಲ್ ಮೈ ನೇಮ್ ರೈಟ್?" ಅದೊಂದೇ ಚಿಂತೆ ಅವಳಿಗೆ.

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿಯೊಂದರ ಮೇಲಿತ್ತು ಸಂಗ್ರಾಹಕರ ಆಫೀಸು. ಮ್ಯಾನೇಜರ್ ವಿನ್ಸೆಂಟ್ ಮಂಗಳೂರಿನವರು. ಬಿಳಿ ಗ್ಲೌಸು ಹಾಕಿಕೊಂಡು ಬಟ್ಟೆ ಬಿಚ್ಚಿದರು.

"ಅಯ್ಯೋ ಮಾರಾಯ್ರೆ, ಇದೆಂತ ಕೆಂಪು?"

ಆಯುಧಪೂಜೆಯದು. ಲ್ಯಾಪ್‌ಟಾಪು, ಮಿಕ್ಸಿಗಳ ಸಾಲಿನಲ್ಲಿ ಸುಧಾ ಮಗಳ ಚೆಂಡನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದಳು. ಒರೆಸಿದ ಮೇಲೂ ಉಳಿದದ್ದು ನಮ್ಮ ಯಾರ ಕಣ್ಣಿಗೂ ಕಲೆಯಾಗಿ ಕಂಡಿರಲಿಲ್ಲ.

"ಪೂಜೆ ಮಾಡಿದ್ದಾ? ಹಾಗೆ ಮಾಡ್ಲಿಕ್ಕೆ ಉಂಟಾ ಸರ್? ಪಂದ್ಯದಲ್ಲಿ ಇದ್ದ ಹಾಗೇ ಇರ್ಬೇಕು. ಬಾಸ್ ತಗೊಳ್ಳುದಿಲ್ಲ. ಖಲಾಸ್."

ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅದೇ ಪಂದ್ಯದ ಟೋಪಿಯೊಂದಿತ್ತು. ಅಂಚಿಗೆಲ್ಲ ಒಣಗಿದ ಬೆವರು, ಕೆಳಗೆ ಆಟಗಾರನ ಹೆಸರು. ನನಗೆ ಮೈ ಉರಿಯಿತು.

"ಈ ಕೊಳೆ ಆಗುತ್ತೆ, ನಮ್ಮ ಕುಂಕುಮ ಆಗಲ್ವೇನ್ರೀ?"

"ಅದು ಆಟದ್ದು ಸರ್" ಎಂದರು ವಿನ್ಸೆಂಟ್, ಮೆತ್ತಗೆ. ಮಾತು ಸರಿಯೇ. ಅದಕ್ಕೇ ಸಿಟ್ಟು ಇನ್ನೂ ಏರಿತು. ನಿಧಿ ಚೆಂಡು ಎತ್ತಿಕೊಂಡು ಮೆಟ್ಟಿಲಿಳಿದಳು.

ವಾಪಸು ಬಸ್ಸಿನಲ್ಲಿ ಸುಧಾಳ ಫೋನು. "ಏನಂದ್ರು ರೀ? ಹೆಸರು ಹಾಕ್ತಾರಂತಾ?"

"ಮನೆಗೆ ಬಂದು ಹೇಳ್ತೀನಿ."

"ಅಂದ್ರೆ ಹಾಕ್ತಾರೆ! ಪಾಯಸ ಮಾಡಿಟ್ಟಿರ್ತೀನಿ."

ನಿಧಿಗೆ ಅದೆಲ್ಲ ಕೇಳಿಸಿತು. ಒದ್ದೆ ಟಿಶ್ಯೂ ತೆಗೆದು ಚೆಂಡನ್ನು ಉಜ್ಜತೊಡಗಿದಳು. ದುಬೈ ಹತ್ತಿರವಾಗುವವರೆಗೂ ಉಜ್ಜಿದಳು, ಕೆಂಪು ಹೋಗಲಿಲ್ಲ. ಆಮೇಲೆ ಅದೇ ಟಿಶ್ಯೂ ಹಣೆಗೆ ಒತ್ತಿದಳು. ಹಣೆಯ ಕುಂಕುಮ ಒಂದೇ ಸಲಕ್ಕೆ ಹೋಯಿತು.